ವ್ಯಾಪ್ತಿ ಪ್ರದೇಶ

ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸ
ಕಣ್ಣಿಗೆ ಕಾಣದ್ದನ್ನು ಹಂಚುವುದು.
ಉಲಾನ್‌ಬಾತರ್, ನಾಲ್ಕನೆಯ ಮಹಡಿ,
ಹಬೆಯ ಕೊಳವೆ ಗೊರಗುಟ್ಟುವ ಕೋಣೆ.
ಇಷ್ಟು ಮೆಗಾಹರ್ಟ್ಸ್ ಸೇನೆಗೆ, ಇಷ್ಟು ವಿಮಾನಕ್ಕೆ,
ಉಳಿದದ್ದು ಹರಾಜಿಗೆ.
ಮೊದಲ ಸಂಬಳದ ದಿನ ಅಮ್ಮ ಕೇಳಿದ್ದಳು:
ಗಾಳಿಗೂ ಬೇಲಿ ಹಾಕುತ್ತೀಯಾ, ನರ್ಮಂದಾಖ್?
ಹೌದಮ್ಮ. ಬೇಲಿಯಿಲ್ಲದಿದ್ದರೆ
ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ.
ಅದು ಊಟಕ್ಕೆ ಕೂತಾಗಲೂ ನಿಜ, ಅಂದಳು;
ಮೊದಲ ಸೌಟು ಸಾರು ಅಪ್ಪನಿಗೆ ಬಡಿಸಿದಳು.

ಕಂಪನಿಯವರು ತಂದ ನಕ್ಷೆಯಲ್ಲಿ
ಗೋಬಿಯ ಅಂಚಿನ ಆ ಜಿಲ್ಲೆ ಪೂರ್ತಿ ನೀಲಿ.
ನೀಲಿ ಅಂದರೆ ಸಿಗ್ನಲ್ ಇದೆ ಎಂದರ್ಥ.
ಷರತ್ತು ಪೂರೈಸಿದ್ದೇವೆ, ಠೇವಣಿ ವಾಪಸು ಕೊಡಿ.
ಜೀಪು ಹತ್ತಿದೆ. ಎರಡು ದಿನ.

ಕುರಿ ಕಾಯುವ ದೋರ್ಜ್‌ಪಲಾಮನನ್ನು ಕೇಳಿದೆ:
ಇಲ್ಲಿ ಫೋನು ಹತ್ತುತ್ತದೆಯೇ?
ಹತ್ತುತ್ತದೆ, ಅಂದ. ನಾವು ಹತ್ತಿದರೆ.
ಬೋಳುಗುಡ್ಡದ ತುದಿಯಲ್ಲಿ ಕಲ್ಲಿನ ಗುಪ್ಪೆ,
ಅದಕ್ಕೆ ಸುತ್ತಿ ಕಟ್ಟಿದ ಹರಕೆಯ ನೀಲಿ ರೇಷ್ಮೆ
(ನಕ್ಷೆಯ ನೀಲಿ ಬಹುಶಃ ಇದೇ),
ಆರೇಳು ಕುದುರೆ, ಸರದಿಯಲ್ಲಿ ಜನ.
ಒಬ್ಬಳು ಜೀನಿನ ಮೇಲೆ ನಿಂತು ಕೂಗುತ್ತಿದ್ದಳು:
ಆಪರೇಷನ್ ಆಯಿತೇ? ಎಚ್ಚರವಾಯಿತೇ?
ಕುದುರೆ ಒಂದು ಹೆಜ್ಜೆ ಸರಿಯಿತು.
ಕರೆ ಕಡಿಯಿತು.
ಅವಳು ಬೈಯಲಿಲ್ಲ. ಲಗಾಮು ಹಿಡಿದು
ಕುದುರೆಯನ್ನು ಮತ್ತೆ ಅದೇ ಗೊರಸಿನ ಗುರುತಿಗೆ ತಂದಳು.

ವಾಪಸು ಬಂದು ಬರೆದೆ. ಕಲಂ ಹದಿನಾಲ್ಕು, ಉಪಕಲಂ ಮೂರು:
ವ್ಯಾಪ್ತಿ ಎಂದರೆ, ಮನೆಯ ಬಾಗಿಲು ಮುಚ್ಚಿ
ಒಲೆಯ ಪಕ್ಕ ಕೂತವರ ಕಿವಿಯ ಎತ್ತರದಲ್ಲಿ
ದೊರೆಯುವ ಸಂಕೇತ.
ಒಂದೇ ವಾಕ್ಯ. ಎರಡು ವರ್ಷ.
ವಕೀಲರು ಕೇಳಿದರು: ಮನೆ ಎಂದರೇನು?
ವರ್ಷಕ್ಕೆ ನಾಲ್ಕು ಸಲ ಬಿಚ್ಚಿ
ಒಂಟೆಯ ಬೆನ್ನಿಗೆ ಹೇರುವ ಉಣ್ಣೆಯ ಗುಡಾರ
ಯಾವ ಅಕ್ಷಾಂಶದಲ್ಲಿ ಮನೆ?
ನಾನು ಚಾಪೆಯ ಕೆಳಗೆ ತೂರಿದರೆ
ಅವರು ರಂಗೋಲಿಯ ಕೆಳಗೆ.
ಮಂತ್ರಿಗಳು ಮೂವರು ಬದಲಾದರು.
ಮಗಳಿಗೆ ಕನ್ನಡಕ ಬಂದದ್ದನ್ನು
ನಾನು ಗಮನಿಸಿದ್ದು ಒಂದು ತಿಂಗಳ ಮೇಲೆ.
ಮೂರನೆಯ ಮಂತ್ರಿ ಗುಡಾರದಲ್ಲಿ ಹುಟ್ಟಿದವರು,
ಅದನ್ನಿನ್ನೂ ಮರೆತಿರಲಿಲ್ಲ. ನಮ್ಮ ಪುಣ್ಯ.
ಒಂದು ಶುಕ್ರವಾರ ಸಹಿ ಬಿತ್ತು. ಪೆನ್ನು ನನ್ನದು,
ವಾಪಸು ಬರಲಿಲ್ಲ.

ನಿವೃತ್ತಿಯ ವಾರ, ದೂರುಗಳ ಕಟ್ಟಿನಲ್ಲಿ
ದೋರ್ಜ್‌ಪಲಾಮನ ಕಾಗದ:
ಗೋಪುರ ಬಂತು. ಒಲೆಯ ಪಕ್ಕದಲ್ಲೇ ಫೋನು ಹತ್ತುತ್ತದೆ.
ಉಪಕಾರವಾಯಿತು.
ಆದರೆ ಗುಡ್ಡವನ್ನು ಈಗ ಯಾರೂ ಹತ್ತುವುದಿಲ್ಲ.
ಯಾರ ಒಂಟೆ ತಪ್ಪಿತು, ಯಾರ ಸೊಸೆ ಮುನಿದಳು,
ಬೇಡವೆಂದರೂ ಕಿವಿಗೆ ಬೀಳುತ್ತಿತ್ತು, ಸರದಿಯಲ್ಲಿ ನಿಂತರೆ.
ಬಾವಿಯಾಚೆಯ ಮುದುಕ ಸತ್ತದ್ದು
ನನಗೆ ಗೊತ್ತಾದದ್ದು ಒಂಬತ್ತು ದಿನದ ಮೇಲೆ.
ಅವನ ನಂಬರು ನನ್ನಲ್ಲಿತ್ತು.
ಇದಕ್ಕೆ ಯಾರನ್ನು ಕೇಳುವುದು?

ದೂರಿನ ನಮೂನೆಯಲ್ಲಿ ಆರು ಚೌಕ.
ಬಿಲ್ಲು, ವೇಗ, ಕಡಿದ ಕರೆ...
ಯಾವುದಕ್ಕೂ ಕೂಡಲಿಲ್ಲ.
ಕೊನೆಯದಕ್ಕೆ, "ಇತರೆ"ಗೆ, ಗುರುತು ಹಾಕಿದೆ.
ಮೂವತ್ತು ದಿನದೊಳಗೆ ಉತ್ತರಿಸತಕ್ಕದ್ದು:
ಆ ನಿಯಮವೂ ನಾನೇ ಬರೆದದ್ದು.
ಕುರ್ಚಿಯಲ್ಲಿ ನನಗೆ ಉಳಿದಿದ್ದದ್ದು ನಾಲ್ಕು.

ಐದನೆಯ ದಿನ ಜೀಪು ನನ್ನದಲ್ಲ.
ಕಾಗದವನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು
ಬಸ್ಸು ಹತ್ತಿದೆ.