ಏರಿಗೆ, ನೀರಿಗೆ

ಮೆಲ್ಲಗೆ ಒತ್ತಿದರೆ ಸಾಧು.
ಪೂರ್ತಿ ಒತ್ತಿದರೆ ಬಲಕ್ಕೆ,
ತಾಯಿಯನ್ನು ಕಂಡ ಕರು ಹಗ್ಗ ಜಗ್ಗಿದ ಹಾಗೆ
ಚರಂಡಿಯ ಕಡೆಗೆ.
ಅಟ್ಸೆದೆ ಹೇಳಿದ್ದು ಇಷ್ಟೇ,
ಕೀಲಿಯನ್ನು ನನ್ನ ಗ್ರೀಸಿನ ಅಂಗೈಗೆ ಹಾಕುತ್ತ.

ಅಡಿಸ್ ಅಬಾಬದಲ್ಲಿ ಆಗ ಮಳೆಗಾಲದ ಬಾಲ.
ಶಿರೋ ಮೇಡಾದ ನನ್ನ ತಗಡಿನ ಗ್ಯಾರೇಜು
ಸೋರುವುದನ್ನು ಇನ್ನೂ ಬಿಟ್ಟಿರಲಿಲ್ಲ.
ಕಾರು ಬಿಳಿ, ಚೀನಾದ್ದು.
ಎಂಜಿನ್ನಿಲ್ಲ, ಸೈಲೆನ್ಸರಿಲ್ಲ, ಕೆಮ್ಮಿಲ್ಲ;
ಇಪ್ಪತ್ತೆರಡು ವರ್ಷ ಸದ್ದು ಕೇಳಿಯೇ
ರೋಗ ಹೇಳುತ್ತಿದ್ದ ನನ್ನ ಕಿವಿಗೆ
ಕೂಲಿ ಕೊಡದ ಜಾತಿ.

ಮಾರಿದವನು ಅಂದನಂತೆ: ಇದರ ಗುಣವೇ ಹಾಗೆ.
ಮೈದುನ ಶಿಮೆಲಿಸ್: ಅಷ್ಟು ಜೋರಾಗಿ ಯಾಕೆ ಒತ್ತುತ್ತೀ?
ಇನ್ನೊಬ್ಬ ಕಂಪ್ಯೂಟರಿನ ತಂತಿ ಚುಚ್ಚಿ,
ಪರದೆಯ ತುಂಬ ಹಸಿರು ತೋರಿಸಿ,
ದುಡ್ಡು ಎಣಿಸಿಕೊಂಡು, ಅವನೂ ಅದನ್ನೇ:
ಮೆಲ್ಲಗೆ ಒತ್ತಿ.

ಅವಳು ಸೂಲಗಿತ್ತಿ.
ರಾತ್ರಿ ಎಂಟಕ್ಕೆ ಫೋನು ಬರುತ್ತದೆ
(ನಮ್ಮ ಗಡಿಯಾರದ ಎಂಟು,
ಉಳಿದ ಲೋಕ ಎರಡು ಅನ್ನುವ ಹೊತ್ತು).
ಎಂಟೊಟೊದ ಏರು, ನೀಲಗಿರಿ ಮರಗಳ ಕತ್ತಲೆ,
ಮುಂದೆ ತೆವಳುವ ಸಿಮೆಂಟು ಲಾರಿ,
ಎದುರಿನಿಂದ ಯಾವನೋ ದೀಪ ಇಳಿಸದವನು.
ದಾಟಬೇಕು.
"ಮೆಲ್ಲಗೆ, ಮೆಲ್ಲಗೆ ಅಂತ ನಾನೂ ಹೇಳುತ್ತೇನೆ, ಹೆರುವವರಿಗೆ.
ಆದರೆ ಒಂದು ಹೊತ್ತು ಬರುತ್ತದೆ,
ಆಗ, ಪೂರ್ತಿ ಮುಕ್ಕು ತಾಯಿ, ಅನ್ನಲೇಬೇಕು."

ನಿಲ್ಲಿಸಿ ಅಳೆದೆ. ಕೂದಲೆಳೆಯಷ್ಟೂ ವಾಲಿಲ್ಲ.
ನಿಂತ ಗಾಡಿ, ನೆಂಟರ ಮುಂದಿನ ಸಂಸಾರ.

ಗುಲೆಲೆಯ ಆಚೆ ಖಾಲಿ ರಸ್ತೆಗೆ ಒಯ್ದೆ. ಪಕ್ಕದಲ್ಲಿ ಅವಳು.
ಒತ್ತಿದೆ. ಏನೂ ಆಗಲಿಲ್ಲ.
"ಪೂರ್ತಿ."
ಒತ್ತಿದೆ, ಅಂದುಕೊಂಡೆ.
ಹೆದರಿದ ಕಾಲಿಗೆ ಅರ್ಧವೂ ಪೂರ್ತಿಯೇ.
"ಪೂರ್ತಿ," ಅಂದಳು ಮತ್ತೆ,
ಎಷ್ಟೋ ಹೆಂಗಸರು ಬೆವರಿನ ನಡುವೆ ಕೇಳಿರಬೇಕಾದ ದನಿಯಲ್ಲಿ.

ಬೆನ್ನು ಸೀಟಿಗೆ ಅಂಟಿತು.
ಗುಡುಗನ್ನು ಮನೆಯಲ್ಲೇ ಬಿಟ್ಟು ಬಂದ ಸಿಡಿಲು.
ಸ್ಟೀರಿಂಗು ನನ್ನ ಬೆರಳುಗಳನ್ನು ಬಿಡಿಸಿಕೊಂಡು
ತನ್ನ ಪಾಡಿಗೆ ಬಲಕ್ಕೆ ಹೊರಟಿತು.
ಒಂದೇ ನೊಗದ ಎರಡು ಚಕ್ರ,
ಒಂದು ಏರಿಗೆ, ಒಂದು ನೀರಿಗೆ.
ರಸ್ತೆಯಂಚಿನ ಹಳದಿ ಹೂಗಳು
ಕಿಟಕಿಗೆ ತೀರ ಹತ್ತಿರ ಬಂದು ಹೋದವು.

ಜಾಕಿನ ಕೆಳಗೆ ಹುಡುಗ ಈಯೋಬ ಫೋನಿನ ಬೆಳಕು ಹಿಡಿದ.
ಎಡಗಡೆ ಟೈರು ಹೊಸದು;
ಬಲಗಡೆಯದು ಮರ್ಕಾಟೊದ ಗೋಮಾ ತೆರಾದಲ್ಲಿ
ಶಿಮೆಲಿಸ್ ಚೌಕಾಸಿ ಮಾಡಿ ತಂದದ್ದು,
ಸವೆದು ಕನ್ನಡಿಯಾದದ್ದು.
ಅಷ್ಟೇ ಆಗಿದ್ದರೆ ಇಷ್ಟು ಜಗ್ಗುತ್ತಿರಲಿಲ್ಲ.
ಅದರ ಹಿಂದೆ, ಕೆಳತೋಳಿನ ಬುಡದಲ್ಲಿ,
ಮಗುವಿನ ಮುಷ್ಟಿಯಷ್ಟು ರಬ್ಬರಿನ ಬುಶ್
ಬೇಸಿಗೆಯ ಹಿಮ್ಮಡಿಯಂತೆ ಬಿರಿದಿತ್ತು.
ಬೆರಳಿಟ್ಟರೆ ಸುಮ್ಮನೆ.
ಸರಳು ತೂರಿಸಿ ಮೀಟಿದೆ: ಬಾಯಿ ಬಿಟ್ಟಿತು.

ಮೂರು ದಿನ ಹಿಡಿಯಿತು ಹೊಸದು ಬರಲು.
ಅಷ್ಟರಲ್ಲಿ ಅವಳು ಟ್ಯಾಕ್ಸಿಯಲ್ಲಿ ಹೋಗಿ
ಎರಡು ಹೆರಿಗೆ ಮಾಡಿಸಿದ್ದಳು. ಒಂದಕ್ಕೆ
ಟ್ಯಾಕ್ಸಿಯವನದೇ ಹೆಸರಿಟ್ಟರಂತೆ; ನಕ್ಕಳು.

ಮತ್ತೆ ಅದೇ ರಸ್ತೆ. ಈಗ ಅವಳ ಕೈಯಲ್ಲಿ.
ಪೂರ್ತಿ ಒತ್ತಿದಳು.
ಕಾರು ಎಡಕ್ಕೆ ಹೋಯಿತು.

ನನ್ನ ಎದೆ ಧಸಕ್ಕೆಂದಿತು.
ಬುಶ್ಶು ನೆನೆದೆ, ಬೋಲ್ಟು ನೆನೆದೆ, ಈಯೋಬನನ್ನು ಬೈದೆ ಮನಸ್ಸಿನಲ್ಲಿ.
ಆಮೇಲೆ ಅವಳ ಮಣಿಕಟ್ಟು ಕಂಡಿತು:
ಹದಿನಾಲ್ಕು ತಿಂಗಳಿನಿಂದ ಬಲಕ್ಕೆ ಹೋಗುವುದನ್ನು
ತಡೆದೂ ತಡೆದೂ ಎಡಕ್ಕೇ ಬಿಗಿದುಕೊಂಡ ನರ.
ಇಲ್ಲದ ಎಳೆತದ ಮೇಲೆ
ಇನ್ನೂ ಕಾದಾಡುತ್ತಿತ್ತು.

ಅವಳಿಗೂ ತಿಳಿಯಿತು. ಗಾಡಿ ನಿಲ್ಲಿಸಿದಳು.
ಒಂದೊಂದೇ ಬೆರಳು ಬಿಡಿಸಿ, ಕೈ ಕೊಡವಿ,
ನನ್ನ ಕಡೆ ನೋಡದೆ,
ಯಾರಿಗೋ ಹೇಳುವಂತೆ
"ಇನ್ನೊಂದು ಸಲ," ಅಂದಳು.