ಒಂಬತ್ತನೆಯ ಸುತ್ತು

ಐರೋಳಿಯ ಏಳನೇ ಮಹಡಿ, ರಾತ್ರಿ ಎರಡೂವರೆ.
ಊಟದ ಬಿಡುವಿನಲ್ಲಿ ನಾವು ಆಟಗಾರರನ್ನು ಹಂಚಿಕೊಳ್ಳುತ್ತೇವೆ.
ಫುಟ್‌ಬಾಲ್ ಎಂದು ಹೆಸರಿಟ್ಟು
ಕೈಯಲ್ಲಿ ಹಿಡಿಯುವ ಆಟ, ಅಮೆರಿಕದ್ದು.
ಹತ್ತು ಮಂದಿ, ತಲೆಗೆ ಐನೂರು.
ಗೆದ್ದವರು ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು,
ಅಂದರೆ ಗೆದ್ದವರಿಗೇ ಲುಕ್ಸಾನು.

ಹಗಲು ಅವರದು, ಕಡತ ನಮ್ಮದು.
ಅಲ್ಲಿನ ಆಸ್ಪತ್ರೆಗಳ ಮೊಣಕಾಲು, ಹಿಮ್ಮಡಿ, ಭುಜ
ನನ್ನ ಪರದೆಗೆ ಬಂದು ಅಂಕಿಗಳಾಗಿ ಹೋಗುತ್ತವೆ.
ಹದಿನಾಲ್ಕು ವರ್ಷವಾಯಿತು.
ಅದಕ್ಕೇ ಕೇಳುತ್ತಾರೆ: ವಾರಿಜಕ್ಕ,
ತೊಡೆಯ ಹಿಂದಿನ ಸ್ನಾಯು ಎರಡು ಸಲ ಹರಿದವನು
ಮೂರನೇ ವರ್ಷ ಓಡುತ್ತಾನಾ?

ಮೂವತ್ತು ದಾಟಿದವರನ್ನು ಮುಟ್ಟಲೇಬೇಡಿ, ಎಂದ ಜಯೇಶ್ ಘರತ್.
ಅವನ ನಕ್ಷೆಯಲ್ಲಿ ಗೆರೆ ಇಪ್ಪತ್ತೇಳರವರೆಗೆ ಏರಿ
ಆಮೇಲೆ ಖಂಡಾಲಾ ಘಾಟಿನ ಹಾಗೆ ಇಳಿಯುತ್ತದೆ.
ಯಾರೂ ನನ್ನ ಹೆಸರು ಎತ್ತಿರಲಿಲ್ಲ.
ನಲವತ್ತೆರಡರ ನನ್ನ ಕೈ
ತಾನಾಗಿ ಹೆಗಲು ಮುಟ್ಟಿ ನೋಡಿಕೊಂಡಿತು,
ಗಾದೆಯ ಕುಂಬಳಕಾಯಿ ಕಳ್ಳನ ಹಾಗೆ.

ಹಳೆಯದೆಲ್ಲ ಹೊನ್ನು ಎಂದು ನಾನೂ ಹೇಳುವುದಿಲ್ಲ.
ಓರ್ಲೊ ಬ್ಯಾಂಕ್ಸ್‌ನನ್ನು ಫರ್ಜಾನಾ ಮೂರನೇ ಸುತ್ತಿನಲ್ಲೇ ಎತ್ತಿಕೊಂಡಳು,
ಹೆಸರು ನೋಡಿ. ಬೇಡ ಎಂದೆ.
ಹಾರುವಾಗ ಚೆಂದವೇ; ಇಳಿಯುವಾಗ
ಎಡಗಾಲನ್ನು ಸಾಲ ತೀರಿಸುವವನಂತೆ ಊರುತ್ತಾನೆ.
ಕೇಳಲಿಲ್ಲ.

ಹಿಂದಿನ ದಿನ ಬೆಳಗ್ಗೆ, ಚೆಂಬೂರಿಗೆ ಹೋಗುವ ದಾರಿಯಲ್ಲಿ
ವಾಶಿ ಮಾರುಕಟ್ಟೆಗೆ ಇಳಿದಿದ್ದೆ.
ಲಾರಿಯ ಮೇಲಿಂದ ಒಬ್ಬ ಹುಡುಗ ಬೂದುಗುಂಬಳ ಎಸೆಯುತ್ತಿದ್ದ.
ಕೆಳಗೆ ಲಗಮಣ್ಣ, ಇಂಡಿ ಕಡೆಯವನು,
ವಯಸ್ಸು ಅವನಿಗೇ ಗೊತ್ತಿಲ್ಲ, ಹಿಡಿದು ಹಿಂದಕ್ಕೆ ಕೊಡುತ್ತಿದ್ದ.
ಪಕ್ಕದ ಸಾಲಿನ ಹುಡುಗರು ಜಿಗಿದರು, ಬಾಗಿದರು, ಕೂಗಿದರು;
ಅಲ್ಲೊಂದು ಇಲ್ಲೊಂದು ನೆಲಕ್ಕೆ ಬಿದ್ದು
ಬೆಳ್ಳಗೆ ಬಾಯಿ ಬಿಡುತ್ತಿತ್ತು.
ಇವನದು ಅರ್ಧ ಹೆಜ್ಜೆ. ಅಷ್ಟೇ.
“ಕಾಯಿ ನೋಡಬಾರದ್ರಿ, ಒಗೆಯಾವನ ಮೊಣಕೈ ನೋಡಬೇಕು.
ಕೈ ಮೊದಲ ಹೋಗಿ ನಿಂತಿರತದ,
ಕಾಯಿ ಆಮ್ಯಾಲ ಬರತದ.”
ಅವನ ಹೆಗಲ ಮೇಲೆ ನಿಜವಾದ ಬೂದಿ.
ಒರೆಸಿಕೊಳ್ಳಲಿಲ್ಲ.

ಒಂಬತ್ತನೆಯ ಸುತ್ತು. ನನ್ನ ಸರದಿ.
ಡೆಲ್ರಾಯ್ ಪಿಂಕ್ನಿ, ಮೂವತ್ತನಾಲ್ಕು, ಮೂರನೇ ತಂಡ.
ಜಯೇಶ್ ನಕ್ಕ. ಲೋಬೊ ತಲೆ ಎತ್ತದೆ ಉಪ್ಪಿಟ್ಟು ತಿಂದ.
ನಾನು ನೋಡಿದ್ದು ಅವನ ಓಟವನ್ನಲ್ಲ.
ಏಳು ಗಜ ಬೇಕಾದಾಗ ಎಂಟು ಗಜ ಹೋಗಿ
ತಿರುಗಿ ನಿಲ್ಲುತ್ತಾನಲ್ಲ, ಅದು.
ಮತ್ತೆ, ಈ ವರ್ಷ ಅಲ್ಲಿ ಚೆಂಡು ಎಸೆಯುವವನು ಹೊಸಬ, ಇಪ್ಪತ್ತೆರಡರವನು.
ನಾಲ್ಕೂ ಕಡೆಯಿಂದ ಮೈಮೇಲೆ ಬೀಳಲು ಬರುವಾಗ
ಹೆದರಿದ ಹುಡುಗ ಯಾರನ್ನು ಹುಡುಕುತ್ತಾನೆ?

ಮೊದಲ ವಾರ ನಾಲ್ಕು ಅಂಕ. ಆಮೇಲೆ ಮೂರು.
ಆಮೇಲೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಸೊನ್ನೆ.
ಐದನೇ ವಾರ ನನಗೇ ನಂಬಿಕೆ ಹೋಯಿತು,
ಬೆಂಚಿನ ಮೇಲೆ ಕೂರಿಸಿದೆ.
ಅವತ್ತೇ ಇಪ್ಪತ್ತಾರು.
ಬೆಂಚಿನ ಮೇಲಿನ ಅಂಕ ಲೆಕ್ಕಕ್ಕಿಲ್ಲ.

ಅದೇ ವಾರ ಕಂಪನಿಯ ಪಟ್ಟಿಯೂ ಬಂತು:
ಗಂಟೆಗೆ ಎಷ್ಟು ಕಡತ. ಜಯೇಶ್ ಇಪ್ಪತ್ತೆರಡು, ನಾನು ಹದಿನೈದು.
ತಪ್ಪುಗಳಿಗೆ ಅದರಲ್ಲಿ ಕಾಲಂ ಇರಲಿಲ್ಲ.
ಬೆಳಗಿನ ನಾಲ್ಕಕ್ಕೆ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ,
ಒಬ್ಬಳೇ ರೋಗಿ, ಹನ್ನೊಂದು ಮೂಳೆ ಮುರಿತ,
ಎಲ್ಲಿಂದ ಶುರು ಮಾಡಲಿ?
ಕುರ್ಚಿ ಎಳಕೋ, ಎಂದೆ.

ಬಿರಿಯಾನಿ ಲೋಬೊ ಕೊಡಿಸಿದ. ಒಂದು ಆಟವನ್ನೂ ನೋಡದವನು.

ಡಿಸೆಂಬರಿನಲ್ಲಿ ಮತ್ತೆ ವಾಶಿಯಲ್ಲಿ ಇಳಿದೆ.
ಲಾರಿಯ ಕೆಳಗೆ ಬೇರೆ ಯಾರೋ.
ಲಗಮಣ್ಣ ಬಟಾಟೆ ವಿಭಾಗಕ್ಕೆ ಹೋದನಂತೆ.
ಅಲ್ಲಿ ಎಲ್ಲ ಚೀಲ.
ಯಾರೂ ಏನೂ ಎಸೆಯುವುದಿಲ್ಲ.