ಮೈನಸ್ ಎಂಬತ್ತು

ಮುಸಫ್ಫಾದ ಯಾರ್ಡಿನಲ್ಲಿ ನನ್ನ ಪೋರ್ಟಾ ಕ್ಯಾಬಿನ್
ಒಂದು ತಗಡಿನ ಡಬ್ಬಿ. ಮೇಜು, ಮೇಜಿನಡಿ
ಏಳು ವರ್ಷದ ಕಂಪ್ಯೂಟರು, ಹಿಂದಿನ ಟೈಮ್‌ಕೀಪರನಿಂದ
ಕಾಲು ಅಲುಗುವ ಕುರ್ಚಿಯ ಜೊತೆ ಬಳುವಳಿ ಬಂದದ್ದು.

ಆಗಸ್ಟ್ ಬಂತೆಂದರೆ ಅದಕ್ಕೆ ಏದುಸಿರು.
ಇನ್ನೂರ ಹನ್ನೆರಡು ಜನರ ಹಾಜರಿ ತೆರೆದರೆ ಸಾಕು
ಫ್ಯಾನು ವಿಮಾನ ಏಳುವ ಹಾಗೆ ಕಿರುಚಿ
ತೊಂಬತ್ತಾರು, ತೊಂಬತ್ತೆಂಟು,
ನೂರು ಮುಟ್ಟಿದ್ದೇ ತಡ ಪಟ್ಟನೆ ಆರಿ
ಕಪ್ಪು ಪರದೆಯಲ್ಲಿ ನನ್ನದೇ ಬೆವರಿದ ಮುಖ.

ರಜೆಯ ದಿನ ಮುಚ್ಚಳ ಬಿಚ್ಚಿದೆ.
ಅಲ್ಯೂಮಿನಿಯಂ ಎಲೆಗಳ ಸಂದಿಯಲ್ಲಿ ಮರಳು
ಜರಡಿ ಹಿಡಿದ ಅಕ್ಕಿಹಿಟ್ಟಿಗಿಂತ ನುಣ್ಣಗೆ ಕೂತಿತ್ತು.
ಒಣಗಿ ಸುಣ್ಣವಾಗಿದ್ದ ಪೇಸ್ಟು ಕೆರೆದು
ಹುರುಳಿಕಾಳಿನಷ್ಟು ಹೊಸತನ್ನು ಇಟ್ಟು ಒತ್ತಿದೆ.
ಹಮ್ದಾನ್ ಬೀದಿಯಿಂದ ತಂದ ದೊಡ್ಡ ಫ್ಯಾನು,
ಮೂವತ್ತೈದು ದಿರ್ಹಮ್, ನನ್ನ ಜೇಬಿನದೇ.
ತೊಂಬತ್ತೊಂದು.

ಆಮೇಲೆ ಒಳಗಿನ ಕೆಲಸ: ವೋಲ್ಟೇಜ್ ಇಳಿಸುವುದು.
ಯಾವ ಚಿಪ್ಪು ಎಂಥ ಹೊಟ್ಟೆಬಾಕನೋ ಎಂದು
ತಯಾರಿಸಿದವರು ಎಲ್ಲಕ್ಕೂ ಒಂದು ತುತ್ತು
ಹೆಚ್ಚೇ ಬಡಿಸಿರುತ್ತಾರಂತೆ.
ಆ ಹೆಚ್ಚಿನ ತುತ್ತು ಕೆಲಸಕ್ಕೆ ಸೇರದೆ ಶಾಖವಾಗುತ್ತದೆ.
ಅದನ್ನು ಮೆಲ್ಲಗೆ ಹಿಂದೆ ತೆಗೆಯಬೇಕು,
ವೋಲ್ಟಿನ ಸಾವಿರದಲ್ಲಿ ಹತ್ತು ಪಾಲು, ಮತ್ತೆ ಹತ್ತು,
ಪ್ರತಿ ಸಲ ಒಂದು ಗಂಟೆ ಓಡಿಸಿ ನೋಡಬೇಕು.
ಮೈನಸ್ ಮೂವತ್ತು: ಎಂಬತ್ತೇಳು.
ಮೈನಸ್ ಅರವತ್ತು: ಎಂಬತ್ತು.
ಲೆಕ್ಕದ ವೇಗ ಅಷ್ಟೇ, ಎಲ್ಲೂ ಎಡವಲಿಲ್ಲ.

ಟೀ ಲೋಟ ಹಿಡಿದು ಇಣುಕಿದ ಫೋರ್ಮನ್ ಗುರ್ಮೇಜ್ ಸಿಂಗ್:
"ಕಡಿಮೆ ಕೊಟ್ಟು ಅಷ್ಟೇ ದುಡಿಸುತ್ತೀಯಾ?
ಈ ವಿದ್ಯೆ ಹೆಡ್ಡಾಫೀಸಿಗೆ ಹೇಳಬೇಡ ಭಾಯಿ.
ಬಿಡು, ಅವರಿಗೆ ಮೊದಲೇ ಗೊತ್ತಿದೆ."
ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ
ಅವನ ಟೀ ಮುಗಿದಿರಲಿಲ್ಲ.

ಕಿಟಕಿಯಾಚೆ ಹನ್ನೆರಡೂವರೆ, ಕಾನೂನಿನ ವಿರಾಮ.
ಕಬ್ಬಿಣ ಕಟ್ಟುವ ಮೊಫಿಜುಲ್ ಕಂಟೇನರಿನ ನೆರಳಲ್ಲಿ
ಹೆಲ್ಮೆಟ್ ಕಳಚಿ ಬೋರಲು ಹಾಕಿ ಕೂತಿದ್ದ,
ಹಣೆಯ ಮೇಲೆ ಪಟ್ಟಿಯ ಗೆರೆ.
ಚಿಪ್ಪಿನೊಳಗೆ ಒಂದು ಮಾಪಕವಿದೆ, ಅಂಕಿ ಹೇಳುತ್ತದೆ;
ನೂರಾದರೆ ಯಾರನ್ನೂ ಕೇಳದೆ ಆರಿಕೊಳ್ಳುತ್ತದೆ,
ಸಂಬಳ ಕಡಿತವಿಲ್ಲ.
ಇವನನ್ನು ಕೇಳಿದರೆ
ಎಷ್ಟಾದರೂ ಒಂದೇ ಉತ್ತರ: ಭಾಲೋ ಆಛಿ.

ನನ್ನ ಆಸೆ ನೋಡಿ, ಮೈನಸ್ ನೂರಹತ್ತು ಬರೆದೆ.
ಗುರುವಾರ ಸಂಜೆ ಓವರ್‌ಟೈಮ್ ಹಾಳೆಯ ನಡುವೆ
ನೀಲಿ ಪರದೆ. ಒಂದು ವಾರದ ಗಂಟೆಗಳು
ಇದ್ದವು, ಇಲ್ಲ.
ಪೆನ್ಸಿಲ್ ಚೀಟಿಗಳನ್ನು ಬೆಳಿಗ್ಗೆಯೇ ಕಸಕ್ಕೆ ಹಾಕಿದ್ದೆ.
ರಾತ್ರಿ ಹನ್ನೊಂದರವರೆಗೆ ಕೂತು ನೆನಪಿನಿಂದ ತುಂಬಿದೆ.
ನನ್ನ ನೆನಪು ಸ್ವಲ್ಪ ಕೈ ಬಿಚ್ಚಿ ಬಡಿಸುವಂಥದು:
ಒಂದೂವರೆ ಎರಡಾಯಿತು, ಎರಡೂಮುಕ್ಕಾಲು ಮೂರು.
ಮೊಫಿಜುಲ್‌ನ ಸಾಲಿಗೆ ಬಂದಾಗ
ಮಂಗಳವಾರ ಅವನು ಎಷ್ಟು ಹೊತ್ತು ನಿಂತಿದ್ದನೆಂದು
ನಿಜಕ್ಕೂ ನೆನಪಾಗಲಿಲ್ಲ. ನಾಲ್ಕು ಎಂದು ಬರೆದೆ.
ಗುರ್ಮೇಜ್ ಓದದೆ ಸಹಿ ಹಾಕಿದ,
ಅಥವಾ ಓದಿ.

ಈಗ ಮೈನಸ್ ಎಂಬತ್ತಕ್ಕೆ ನಿಲ್ಲಿಸಿದ್ದೇನೆ.
ಎಪ್ಪತ್ತಮೂರು ದಾಟುವುದಿಲ್ಲ, ಆರುವುದಿಲ್ಲ.
ಕಿರುಚಾಟ ನಿಂತ ಕ್ಯಾಬಿನ್ನಿಗೆ
ಇದುವರೆಗೆ ಕೇಳದ್ದು ಕೇಳುತ್ತಿದೆ:
ಹೊರಗೆ ಕೂಲರಿನ ನಲ್ಲಿಯಡಿ ಬಾಟಲಿ ತುಂಬುವ ಸದ್ದು,
ತುಂಬುತ್ತ ತುಂಬುತ್ತ ಸಪೂರವಾಗುವ ಸದ್ದು.

ಹಳೆಯ ಫ್ಯಾನು ಎಸೆಯಲಿಲ್ಲ. ಒಂದು ಎಸಳು ಮುರಿದಿದೆ.
ವೈರಿನ ತುದಿ ಸುಲಿದು ಪಿಕಪ್ಪಿನ ಹಳೇ ಬ್ಯಾಟರಿಗೆ ಸಿಕ್ಕಿಸಿ
ಮೊಫಿಜುಲ್ ಅದನ್ನು ಕಂಟೇನರಿನ ಮರೆಗೆ ಒಯ್ದ.
ಹನ್ನೆರಡೂವರೆಯಿಂದ ಮೂರರವರೆಗೆ
ಅಂಗೈಯಗಲದ ಗಾಳಿ,
ಬಿಸಿಯೇ,
ಕುತ್ತಿಗೆ ಬದಲಿಸಿ ಬದಲಿಸಿ ಐದು ಜನ.